ಅಕ್ಕನ ಕಂಪ್ಯೂಟರ್ ಮೂಕವಾದ ದಿನ

ಕಂಪ್ಯೂಟರ್ ನಡೆಸುವ ಸಿಸ್ಟಮ್ ಮಾರುವ ಆ ಕಂಪನಿಯ ಸುದ್ದಿ ಎತ್ತಿದರೇ ತಂಗಿಗೆ ಮೈ ಉರಿಯುತ್ತಿತ್ತು. ತಾನು ಬರೆದ ಪ್ರೋಗ್ರಾಮನ್ನು ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಪುಕ್ಕಟೆ ಬಳಸಲಿ ಎನ್ನುವವಳು ಅವಳು. ಕಂಪನಿಯವರೋ ಒಳಗೇನಿದೆಯೆಂದು ತೋರಿಸದೆ ಬೀಗ ಜಡಿದು ಮಾರುವವರು. ಆದರೂ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತನ್ನ ಪ್ರೋಗ್ರಾಮು ಅವರ ಸಿಸ್ಟಮ್ಮಿನಲ್ಲೂ ನಡೆಯಲೆಂದು ವರ್ಷಗಟ್ಟಲೆ ಹೆಣಗಿದ್ದಳು. ಕಣ್ಣು ಕಳೆದುಕೊಂಡ ಅಕ್ಕ ಆಸ್ಪತ್ರೆಯಲ್ಲಿ ಫೋನ್ ಆಪರೇಟರ್. ಅಲ್ಲಿದ್ದುದು ಕಂಪನಿಯ ಸಿಸ್ಟಮ್ಮೇ.

"ಅವರಿಗ್ಯಾಕೆ ಬಿಟ್ಟಿ ಚಾಕರಿ ಮಾಡ್ತೀಯ?" ಎಂದು ಜೊತೆಗೆ ಪ್ರೋಗ್ರಾಮ್ ಬರೆಯುವವರು ಅಣಕಿಸಿದರೆ, "ಅವರಿಗಲ್ಲ ಕಣ್ರೋ, ನಮ್ಮಕ್ಕನಿಗೆ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ದನಿ ಪಿಸುಗುಡುತ್ತಿತ್ತು.

"ಕಂಪ್ಯೂಟರ್ ಮಾತೇ ಆಡ್ತಿಲ್ಲ ಕಣೇ. ಅದೇನೋ ಅಪ್‌ಡೇಟ್ ಆಗಿದ್ಯಂತೆ. ತುರ್ತು ವಾರ್ಡಿನವರು ಡಾಕ್ಟರಿಗೆ ಲೈನ್ ಕೊಡಿ ಅಂತಿದ್ದಾರೆ. ಮೇಲ್ವಿಚಾರಕರೇ ನಿಂತು ನಂಬರ್ ಓದಿ ಹೇಳ್ತಿದ್ದಾರೆ. ಹೀಗಾದ್ರೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ ಅಂದ್ರು."

ತಂಗಿ ಬಿದ್ದೆನೋ ಎದ್ದೆನೋ ಎಂದು ಆಸ್ಪತ್ರೆಗೆ ಓಡಿ, ಅಕ್ಕನ ಮೇಜಿನ ತುದಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿದಳು. ಪ್ರೋಗ್ರಾಮು ಇಷ್ಟು ದಿನ ಅಕ್ಷರಗಳನ್ನು ಎತ್ತಿಕೊಳ್ಳುತ್ತಿದ್ದ ದಾರಿಯನ್ನೇ ಸಿಸ್ಟಮ್ಮಿನ ಹೊಸ ಆವೃತ್ತಿ ಮುಚ್ಚಿಬಿಟ್ಟಿತ್ತು. ಯಾಕೆಂದು ನೋಡೋಣವೆಂದರೆ ಬೀಗ. ಕಂಪನಿಗೆ ಬರೆದರೆ ಉತ್ತರವಿಲ್ಲ. ಅಷ್ಟರಲ್ಲಿ ಅವಳ ಪ್ರೋಗ್ರಾಮು ಬಳಸುವ, ಗುರುತು ಪರಿಚಯವಿಲ್ಲದವರ ಮೊರೆ ಒಂದರ ಮೇಲೊಂದು ಬರತೊಡಗಿತು: ನಮ್ಮದೂ ನಿಂತಿದೆ, ಏನು ಮಾಡೋಣ? ಇಷ್ಟು ಜನ ತನ್ನನ್ನೇ ನಂಬಿದ್ದಾರೆಂಬುದು ಅವಳಿಗೆ ಅಂದೇ ಗೊತ್ತಾದದ್ದು. ಮೊರೆಗಳನ್ನು ಬದಿಗಿಟ್ಟು ಬೇರೆ ದಾರಿ ಹುಡುಕತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಬೇರೊಂದು ದಾರಿ ಸಿಕ್ಕಿತು. ಕಂಪ್ಯೂಟರ್ ಮಾತಾಡಿತು, ಡಾಕ್ಟರರ ಹೆಸರು, ನಂಬರುಗಳ ಪಟ್ಟಿಯನ್ನು ಓದತೊಡಗಿತು. "ಬದುಕಿದೆ ಕಣಕ್ಕ!" ಎಂದ ತಂಗಿ, ತಿದ್ದಿದ ಪ್ರೋಗ್ರಾಮನ್ನು ಮೊರೆಯಿಟ್ಟವರೆಲ್ಲರಿಗೂ ಕಳಿಸಲು ಹೊರಟಳು.

"ತಡಿಯೇ," ಅಕ್ಕ ಅವಳ ಮೊಣಕೈ ಹಿಡಿದಳು. "ಇದು ಹೃದಯದ ಡಾಕ್ಟರ ನಂಬರಲ್ಲ. ಮೂಳೆ ಡಾಕ್ಟರದು. ನಂಗೆ ಬಾಯಿಪಾಠ."

ಹೆಸರು ಒಬ್ಬರದು, ಅದರ ಮುಂದೆ ಓದುತ್ತಿದ್ದ ನಂಬರು ಕೆಳಗಿನ ಸಾಲಿನವರದು. ತಂಗಿ ಕಳಿಸುವುದನ್ನು ನಿಲ್ಲಿಸಿದಳು. ಮೂಕವಾಗಿದ್ದಾಗಲಾದರೂ ಅದು ಸುಳ್ಳು ಹೇಳಿರಲಿಲ್ಲ.

"ಕಳಿಸಿಬಿಡ್ತಿದ್ನಲ್ಲಕ್ಕ," ಎಂದಳು ತಂಗಿ.

"ಕಳಿಸ್ಲಿಲ್ವಲ್ಲ. ನೀರು ಕುಡಿ. ನಾನು ಕೇಳ್ತೀನಿ, ನೀನು ಸರಿಮಾಡು."

ಸಂಜೆಗೆ ಪಟ್ಟಿಯಲ್ಲಿದ್ದ ಡಾಕ್ಟರರ ನಂಬರೆಲ್ಲ ಅವರವರ ಹೆಸರಿಗೇ ಬಂದವು; ಆಮೇಲೆಯೇ ತಂಗಿ ಎಲ್ಲರಿಗೂ ಕಳಿಸಿದಳು. ಅಕ್ಕನ ಕೆಲಸ ಉಳಿಯಿತು. ಕಂಪನಿಯ ಉತ್ತರ ಮಾತ್ರ ಇಂದಿಗೂ ಬಂದಿಲ್ಲ. ಹೊಸ ಆವೃತ್ತಿ ಬರಲಿದೆಯೆಂದು ಕಿವಿಗೆ ಬಿದ್ದರೆ ಸಾಕು, ತಂಗಿಗೆ ಅನ್ನ ಸೇರದು. ಇಷ್ಟು ಜನ ನಂಬಿರುವ ಆ ಪ್ರೋಗ್ರಾಮನ್ನು ಕೈಬಿಡಲೂ ಧೈರ್ಯ ಸಾಲದು.