ಗೋಡೆಗೆ ಮಸಿ ಹಿಡಿಸುವ ಕೆಲಸ

ಹೊಟ್ಟೆಪಾಡಿಗೆ ನಾನು ಮಾಡಿದ ಒಂದು ಕೆಲಸವನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಹೊಸ ಗೋಡೆಗೆ ಮಸಿ ಹಿಡಿಸುವುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಒಮಾನಿನಲ್ಲಿ ಅದಕ್ಕೂ ಸಂಬಳ ಸಿಕ್ಕಿತು.

ಅಲ್ಲಿನ ಸಹಮ್‌ ಪಟ್ಟಣದ ಹತ್ತಿರ ಒಂದು ಮಣ್ಣಿನ ಹಳ್ಳಿ. ಹೆದ್ದಾರಿ ಪಕ್ಕ ಸಿಮೆಂಟಿನ ಮನೆಗಳೆದ್ದ ಮೇಲೆ ಜನ ಅದನ್ನು ಬಿಟ್ಟು ಹೋಗಿದ್ದರು. ತೊಂಬತ್ತರ ದಶಕದಲ್ಲಿ ಸರಕಾರದವರು ಅದನ್ನು ಮತ್ತೆ ಕಟ್ಟಿಸಿ, ಹಿಂದಿನವರ ಬದುಕನ್ನು ನೋಡಬಂದವರಿಗೆ ತೋರಿಸತೊಡಗಿದರು. ಬಿಟ್ಟುಹೋದವರೇ ಬೆಳಿಗ್ಗೆ ಬಂದು ರೊಟ್ಟಿ ಸುಡುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು. ಸಂಜೆ ಐದಕ್ಕೆ ಹಳೆಯ ಕಾಲ ಮುಗಿಯುತ್ತಿತ್ತು. ಎಲ್ಲರೂ ಪಿಕಪ್ ಹತ್ತಿ ಎ.ಸಿ. ಮನೆಗೆ ಹೊರಡುತ್ತಿದ್ದರು.

ನಾವು ಹೊಸದಾಗಿ ಕಟ್ಟಿದ ಅಡುಗೆಮನೆ ಹಳೆಯದಾಗಿ ಕಾಣಬೇಕಲ್ಲ. ನಮ್ಮ ಮೇಸ್ತ್ರಿ ಇದ್ದಿನಬ್ಬ ಬ್ಯಾರಿ ನನ್ನನ್ನು ಕರೆದರು. "ಶಾಲೆಯಲ್ಲಿ ಏನೂ ಕಲಿಲಿಲ್ಲ ನೀನು, ಹೊಗೆ ಹಾಕ್ಲಿಕ್ಕಾದ್ರೂ ಬರ್ತದಾ ಮಾರಾಯ?" ಖರ್ಜೂರದ ಮರದ ಹಸಿ ಗರಿ ಉರಿಸಿ, ಬಾಗಿಲಿಗೆ ಗೋಣಿ ಕಟ್ಟಿ, ಒಂದು ವಾರದಲ್ಲಿ ನೂರು ವರ್ಷದ ಮಸಿ ಹಿಡಿಸಿದೆ.

ಇದೇ ಕೈಗಳು ಹಿಂದಿನ ರಜೆಯಲ್ಲಿ, ಊರಿನ ನಮ್ಮ ಮನೆಯಲ್ಲಿ, ಅಕ್ಕನ ಅಡುಗೆಮನೆಯ ಮಸಿಯನ್ನು ಕೆರೆದು ಹಾಕಿದ್ದವು. ಅಮ್ಮ ಹೋದ ಮೇಲೆ ಆ ಒಲೆಯ ಮುಂದೆ ಕೂರಿಸಿ, ಗಂಜಿ ಬಡಿಸಿ ನನ್ನನ್ನು ಸಾಕಿದವಳು ಅಕ್ಕ. ಅವಳು ನೆಂಟರ ಮನೆಗೆ ಹೋಗಿದ್ದಾಗ ಒಲೆ ಒಡೆದೆ, ಗೋಡೆಗೆ ಹಸಿರು ಆಯಿಲ್ ಪೇಂಟ್ ಬಳಿದೆ, ಗ್ಯಾಸ್ ಇಟ್ಟೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಗಲ್ಫಿನವನ ಮನೆ ಕಪ್ಪಗಿದ್ದರೆ ಜನ ಏನೆಂದಾರು ಎಂಬುದಷ್ಟೇ ನನ್ನ ಚಿಂತೆ. ಬಂದು ನೋಡಿದ ಅಕ್ಕ ಬೈಯಲಿಲ್ಲ. ಅಂದಿನಿಂದ ಬಚ್ಚಲ ಒಲೆಯಲ್ಲೇ ಅವಳ ಅಡುಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಮಣ್ಣಿನ ಮನೆಯಲ್ಲೇ ಹುಟ್ಟಿದ ಅಜ್ಜಿಯೊಬ್ಬರು ರೊಟ್ಟಿ ಸುಡಲು ಬಂದರು. ನನ್ನ ಗೋಡೆ ಮುಟ್ಟಿ, ಬೆರಳು ಮೂಸಿ, ಹರಕು ಹಿಂದಿಯಲ್ಲಿ, ಕಪ್ಪೇನೋ ಇದೆ, ಅಡುಗೆಯ ವಾಸನೆ ಎಲ್ಲಿ ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಆ ಶುಕ್ರವಾರ ಊರಿನ ಅಂಗಡಿಗೆ ಫೋನ್ ಮಾಡಿ ಅಕ್ಕನನ್ನು ಕರೆಸಿದೆ. ಕೆಲಸದ ವಿಷಯ ಹೇಳಿದೆ.

"ಮಸಿ ಹಿಡಿಸ್ಲಿಕ್ಕೂ ಸಂಬಳ ಉಂಟಾ? ಹಾಗಾದ್ರೆ ನನಗೆಷ್ಟು ಕೊಡ್ಬೇಕು ಅವರು?"

"ಅಕ್ಕ, ನಾನು ಮಾಡಿದ್ದು ತಪ್ಪಾಯ್ತು. ಈ ಸಲ ಬಂದು ಒಲೆ ಕಟ್ಟಿ ಕೊಡ್ತೇನೆ. ಒಂದು ವಾರದಲ್ಲಿ ಗೋಡೆಗೂ ಮಸಿ ಹಿಡಿಸ್ತೇನೆ."

ಲೈನಿನ ಗೊರಗೊರದ ಮೇಲೆ ಅಕ್ಕ ದನಿ ಎತ್ತಿದಳು.

"ಒಲೆ ಕಟ್ಟು. ಮಸಿ ನಿನ್ನ ಕೆಲಸ ಅಲ್ಲ. ನೀನು ದಿನಾ ಊಟಕ್ಕೆ ಕೂತ್ರೆ ಅದು ತಾನಾಗಿ ಹಿಡೀತದೆ."

ಊರಿಗೆ ಬಂದೆ. ರಜೆ ಒಂದೇ ತಿಂಗಳಿನದು. ಒಲೆ ಕಟ್ಟಿದೆ, ದಿನಾ ಅದರ ಮುಂದೆ ಊಟಕ್ಕೆ ಕೂತೆ. ಹೊರಡುವ ದಿನ ನೋಡಿದರೆ, ಒಲೆಯ ನೇರಕ್ಕೆ ಹಸಿರು ಪೇಂಟಿನ ಮೇಲೆ ಅಂಗೈಯಷ್ಟು ಕಪ್ಪು. ಅದು ನಾನು ಹಿಡಿಸಿದ್ದಲ್ಲ, ಉಂಡದ್ದು.