ಎಡಗಡೆಯ ಇಂಡಿಕೇಟರ್

ಅಪ್ಪನ ಕೈಯಿಂದ ಕಾರಿನ ಕೀ ಕಿತ್ತುಕೊಂಡವನು ನಾನೇ. ನಮ್ಮ ಊರನ್ನು ನಡುಗಿಸಿದ ಭೂಕಂಪವಾಗಿ ಮೂರು ವರ್ಷವಾಗಿತ್ತು, ನವರಾತ್ರಿ ಆಗಷ್ಟೇ ಮುಗಿದಿತ್ತು. ಎಡಗಡೆಯ ಇಂಡಿಕೇಟರ್ ಹಾಕಿದರೆ ಮುಂದಿನ ದೀಪ ಉರಿಯುತ್ತಿರಲಿಲ್ಲ, ಹಿಂದಿನದು ಗಡಿಬಿಡಿಯಲ್ಲಿ ಮಿನುಗುತ್ತಿತ್ತು. ಬಲ್ಬ್ ಬದಲಾಯಿಸಿದೆ, ಫ್ಯೂಸ್ ನೋಡಿದೆ, ಪ್ರಯೋಜನವಾಗಲಿಲ್ಲ. ಬಂಪರಿನ ಮೇಲೆ ಒಂದು ಗೀರು ಕಂಡಿತು. ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ದಿನವಿಡೀ ಕೆಟ್ಟ ಮೋಟಾರುಗಳ ಜೊತೆ ಹೆಣಗುವ ನಾನು ಅಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟೆ: ಅಪ್ಪ ಎಲ್ಲೋ ಗುದ್ದಿದ್ದಾರೆ, ವಯಸ್ಸಾಯಿತು, ಇನ್ನು ಕಾರು ಮುಟ್ಟುವುದು ಬೇಡ. ಇದೆಲ್ಲ ಕೆಳಗೆ, ಕಾರು ನಿಲ್ಲಿಸುವಲ್ಲಿ ನಡೆಯಿತು. ಮೇಲೆ ಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾಗಲಿಲ್ಲ. ಅಪ್ಪ ಗೊಂಚಲಿನಿಂದ ಕೀ ಬಿಡಿಸಿ ಕೊಟ್ಟರು.

ಮಣಿನಗರ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಇಡ್ಲಿ-ದೋಸೆಯ ಹೋಟೆಲು. ಭಾನುವಾರ ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕಾಂಕರಿಯಾ ಕೆರೆಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಅಮ್ಮನಿಗೆ ಇದ್ದದ್ದು ಅದೊಂದೇ ತಿರುಗಾಟ. ಇನ್ನು ನಾನೇ ಕರೆದೊಯ್ಯುತ್ತೇನೆ ಎಂದು ಕೀ ತೆಗೆದುಕೊಳ್ಳುವಾಗ ಅಪ್ಪನಿಗೆ ಹೇಳಿದ್ದೆ. ಒಂದು ಭಾನುವಾರವೂ ನನಗೆ ಬಿಡುವಾಗಲಿಲ್ಲ. ಚಳಿ ಶುರುವಾಗುತ್ತಲೇ ಅಮ್ಮ ಹಾಸಿಗೆ ಹಿಡಿದಳು, ಸಂಕ್ರಾಂತಿಯವರೆಗೂ ಉಳಿಯಲಿಲ್ಲ.

ಆಮೇಲೆ ಕಾರು ಮಾರುವುದೆಂದಾಯಿತು. ಸ್ಯಾಟಲೈಟ್ ಬಡಾವಣೆಯ ಒಬ್ಬರು ನೋಡಲು ಬರುವವರಿದ್ದರು. ಹಾಳಾದ ದೀಪ ಇಟ್ಟುಕೊಂಡು ಮಾರಬಾರದೆಂದು ಬಾನೆಟ್ ತೆಗೆದು, ಟೆಸ್ಟ್ ಲ್ಯಾಂಪ್ ಹಿಡಿದು ಸರಿಯಾಗಿ ನೋಡಿದೆ. ದೀಪದವರೆಗೆ ಕರೆಂಟ್ ಬರುತ್ತಿತ್ತು. ಹಾಗಾದರೆ ಕರೆಂಟ್ ವಾಪಸು ಹೋಗುವ ಅರ್ಥ್ ಸಂಪರ್ಕ ಇಲ್ಲ. ಮೊದಲ ದಿನವೇ ನೋಡಬೇಕಾದದ್ದು. ಅರ್ಥ್ ತಂತಿಯ ಸ್ಕ್ರೂ ಸಡಿಲವಾಗಿತ್ತು, ತುಕ್ಕು ಹಿಡಿದಿತ್ತು. ಅದರಡಿ ಬಿಳಿ ದಾರದ ಗಂಟು, ಗಂಟಿನಲ್ಲಿ ಒಣಗಿದ ಚೆಂಡುಹೂವಿನ ತೊಟ್ಟು.

ಆಯುಧಪೂಜೆಯ ಮಾಲೆ. ಹಿಂದಿನ ವರ್ಷ ಅದು ರಸ್ತೆಯಲ್ಲಿ ಬಿದ್ದು ಯಾರದೋ ಚಕ್ರಕ್ಕೆ ಸಿಕ್ಕಿತ್ತು. ಅಪಶಕುನವೆಂದು ಅಮ್ಮ ವಾರಗಟ್ಟಲೆ ಕೊರಗಿದ್ದಳು. ಈ ಸಲ ಬೀಳದ ಹಾಗೆ ದಾರವನ್ನು ಸ್ಕ್ರೂವಿನಡಿ ಸಿಕ್ಕಿಸಿ ಭದ್ರವಾಗಿ ಕಟ್ಟಿದ್ದಾಳೆ.

ದಾರವನ್ನು ಅಂಗೈಯಲ್ಲಿಟ್ಟುಕೊಂಡು ಹೋಟೆಲಿಗೆ ಹೋಗಿ ಅಪ್ಪನಿಗೆ ತೋರಿಸಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವಳು ತರಕಾರಿ ಹೆಚ್ಚುವ ಪೀಶಾಕತ್ತಿಯಲ್ಲಿ ಸ್ಕ್ರೂ ಸಡಿಲ ಮಾಡುವಾಗ ನಾನು ಅಲ್ಲೇ ಇದ್ದೆ. ಅದರಿಂದಲೇ ಇರಬೇಕು ಅಂತ ಅಂದಾಜಿತ್ತು. ಹೇಳಿದ್ರೆ ನೀನು ಅವಳಿಗೆ ಬೈತಿದ್ದಿ ಮಾರಾಯ."

ಬೈಯುತ್ತಿದ್ದೆ, ಸುಳ್ಳೇಕೆ. ನನ್ನ ಬಾಯಿ ನನಗೆ ಗೊತ್ತು.

"ಭಾನುವಾರ ಯಾಕೆ ಹೋಗುವುದಿಲ್ಲ ಅಂತ ಅಮ್ಮ ಕೇಳಲಿಲ್ವಾ?"

"ಕೇಳಿದ್ಲು. ನೀನು ಕೀ ತೆಗೊಂಡಿದ್ದಿ ಅಂತ ಹೇಗೆ ಹೇಳುವುದು? ನನಗೇ ಕಣ್ಣು ಮಂಜಾಗ್ತದೆ, ಕಾರು ಬಿಡ್ಲಿಕ್ಕೆ ಹೆದರಿಕೆ ಅಂದೆ."

ಅಳು ತಡೆಯಲಾಗದೆ ಹಿಂದಿನ ಬಚ್ಚಲಿಗೆ ಹೋಗಿ ನಿಂತೆ. ಕಡೆಯ ಆ ತಿಂಗಳುಗಳಲ್ಲಿ ಅಮ್ಮ ದಿನವೂ ಕ್ಯಾರೆಟ್ ತುರಿದು ಅಪ್ಪನ ತಟ್ಟೆಗೆ ಹಾಕುತ್ತಿದ್ದಳು. ನಿಲ್ಲಲಾಗದೆ ಹೋದಾಗ ನೆಲದ ಮೇಲೆ ಕೂತು ತುರಿದಳು. ಅಪ್ಪ ಒಂದು ಎಳೆಯೂ ಬಿಡದೆ ತಿನ್ನುತ್ತಿದ್ದರು. ಈ ವಯಸ್ಸಿನಲ್ಲಿ ಇದೆಂಥ ಉಪಚಾರ ಎಂದು ನಾನು ಇಬ್ಬರನ್ನೂ ನೋಡಿ ನಗುತ್ತಿದ್ದೆ.