ನೇಪಾಳ ಹತ್ತಿರ, ಬಸವೇಶ್ವರನಗರ ದೂರ

ಐದು ವಾರಗಳಿಂದ ನಮ್ಮ ಫ್ರಿಜ್ಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಕೂತಿತ್ತು. ನೇಪಾಳದಿಂದ ವಿಮಾನ ಹತ್ತಿ ಬಂದ ಡಬ್ಬಿ. ವಿಜಯನಗರದ ನಮ್ಮ ಮನೆಯಿಂದ ಅದು ಬಸವೇಶ್ವರನಗರಕ್ಕೆ ಹೋಗಬೇಕಿತ್ತು. ಆಟೋದಲ್ಲಿ ಹದಿನೈದು ನಿಮಿಷ, ಸಿಗ್ನಲ್ ಕೆಟ್ಟಿದ್ದರೆ ಇಪ್ಪತ್ತು. ದೇಶ ದಾಟಿ ಬಂದ ಡಬ್ಬಿ ನಮ್ಮ ಹೊಸಿಲು ಮಾತ್ರ ದಾಟಲಿಲ್ಲ.

ಯಾಕೆ ಅಂತೀರಾ? ನನಗೆ ಪುರುಸೊತ್ತಿರಲಿಲ್ಲ. ನೇಪಾಳದ ಮಕ್ಕಳ ಬಗ್ಗೆ ಭಾಷಣ ಮಾಡುತ್ತಾ ಓಡಾಡುತ್ತಿದ್ದೆ.

ಮೊದಲಿಂದ ಹೇಳುತ್ತೇನೆ. ನಮ್ಮ ಯೋಗ ಕ್ಲಾಸಿನ ಹನ್ನೆರಡು ಜನ ಶ್ರಾವಣದಲ್ಲಿ ನೇಪಾಳಕ್ಕೆ ಹೋಗಿದ್ದೆವು. ಬರೀ ಟೂರಲ್ಲ, ಸೇವಾ ಪ್ರವಾಸ. ನಾಲ್ಕು ದಿನ ದೇವಸ್ಥಾನ ಮತ್ತು ಶಾಪಿಂಗ್, ಹತ್ತು ದಿನ ಒಂದು ಮಕ್ಕಳ ಆಶ್ರಮದಲ್ಲಿ ಸೇವೆ. ಬೆಳಗಿನ ತಿಂಡಿ ಸೇರಿ. (ನಮ್ಮ ತಿಂಡಿ. ಮಕ್ಕಳದ್ದಲ್ಲ.)

ಹೊರಡುವ ದಿನ ಕೆಳಗಿನ ಮನೆಯ ಗಿರಿಜಕ್ಕ ನನ್ನ ಸೂಟ್‌ಕೇಸನ್ನೇ ನೋಡುತ್ತಾ ಕೇಳಿದರು. "ಫಾರಿನ್ ಅಂದ್ರಲ್ರೀ, ಎಲ್ಲಿಗೆ?"

"ನೇಪಾಳ, ಗಿರಿಜಕ್ಕ."

"ಅದಕ್ಕೆ ವೀಸಾನೇ ಬೇಡ್ವಲ್ರೀ! ಅದೆಂಥ ಫಾರಿನ್ನು?"

ಆ ಒಂದು ಮಾತಿಗೆ ನನಗೆ ಎಷ್ಟು ಉರಿಯಿತು ಅಂದರೆ, ಅಲ್ಲಿ ತಲುಪಿದ ದಿನವೇ ಮೂವತ್ತೆಂಟು ಫೋಟೋ ಸ್ಟೇಟಸ್ಸಿಗೆ ಹಾಕಿದೆ.

ಆಶ್ರಮದಲ್ಲಿ ಮಕ್ಕಳು ಸಾಲಾಗಿ ನಿಂತು ಸ್ವಾಗತದ ಹಾಡು ಹೇಳಿದರು. ನಮಗೆಲ್ಲ ಕಣ್ಣು ತುಂಬಿ ಬಂತು. ನಮ್ಮ ಗುಂಪಿನ ವಿಶ್ವನಾಥ್ ಸಾರ್ ಅಂತೂ ಬಿಕ್ಕಿ ಬಿಕ್ಕಿ ಅತ್ತರು. ಆ ತಿಂಗಳು ಅದೇ ಹಾಡನ್ನು ಮಕ್ಕಳು ಮೂರನೇ ಸಲ ಹಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನಮಗೆ ಒಂದು ಗೋಡೆ ತೋರಿಸಿ ಪೇಂಟ್ ಮಾಡಿ ಅಂದರು. ಹಳದಿ ಗೋಡೆಗೆ ನೀಲಿ ಬಳಿದೆವು. ಹಿಂದಿನ ಬ್ಯಾಚು ನೀಲಿ ಗೋಡೆಗೆ ಹಳದಿ ಬಳಿದಿತ್ತಂತೆ. ಆ ಗೋಡೆ ಈಗ ಮೊದಲಿಗಿಂತ ಒಂದು ಇಂಚು ದಪ್ಪ ಆಗಿರಬೇಕು. ನಮ್ಮಂಥವರ ಪುಣ್ಯ ಬೇರೆಲ್ಲಿ ಜಮೆ ಆಗುತ್ತದೆ ಹೇಳಿ?

ನನಗೆ ಬರುವ ಒಂದೇ ವಿದ್ಯೆ ಎಂದರೆ ತಲೆ ಬಾಚುವುದು. ನಮ್ಮಜ್ಜಿ ಕಲಿಸಿದ್ದು, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿದರೆ ಸಂಜೆವರೆಗೆ ಒಂದು ಕೂದಲೂ ಅಲುಗಬಾರದು. ದಿನಾ ಬೆಳಗ್ಗೆ ಹುಡುಗಿಯರು ಸಾಲು ಹಿಡಿಯುತ್ತಿದ್ದರು. ಸಾಲಿನ ಕೊನೆಗೆ ಸರಿತಾ. ಹತ್ತು ವರ್ಷ, ಗುಂಗುರು ಕೂದಲು, ನಿಲ್ಲದ ಬಾಯಿ. ಅವಳ ಹಿಂದಿಯೂ ಕುಂಟು, ನನ್ನದೂ ಕುಂಟು. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನಡೆದೆವು.

"ಆಂಟಿ, ನಿಮ್ಮೂರು ಯಾವುದು?"

"ಬೆಂಗಳೂರು."

ಸರಕ್ಕನೆ ತಿರುಗಿದಳು. ನನ್ನ ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು. "ನಮ್ಮಪ್ಪ ಅಲ್ಲೇ ಇದ್ದಾನೆ!"

ಟೂರ್ ಏಜೆಂಟು ನಮಗೆ ಅನಾಥ ಮಕ್ಕಳು ಅಂದಿದ್ದ. ಅಲ್ಲಿನ ಟೀಚರಮ್ಮನನ್ನು ಕೇಳಿದರೆ ನಕ್ಕರು. ಅರ್ಧಕ್ಕರ್ಧ ಮಕ್ಕಳಿಗೆ ಯಾರಾದರೊಬ್ಬರು ಇದ್ದಾರಂತೆ. ಸರಿತಾಳ ತಾಯಿ ತೀರಿಕೊಂಡಿದ್ದಾಳೆ. ಅಪ್ಪ ಕೃಷ್ಣಬಹಾದೂರ್ ಬೆಂಗಳೂರಿನ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ನೋಡಿಕೊಳ್ಳುವವರಿಲ್ಲ ಅಂತ ಇಲ್ಲಿ ಬಿಟ್ಟಿದ್ದಾನೆ.

ಅಂದರೆ ಸಂಗತಿ ಇಷ್ಟು. ಅಪ್ಪ ನಮ್ಮ ಗೇಟು ಕಾಯಲು ನಮ್ಮೂರಿಗೆ ಬಂದಿದ್ದಾನೆ. ಅವನ ಮಗಳ ತಲೆ ಬಾಚಲು ನಾನು ಅವನೂರಿಗೆ ಹೋಗಿದ್ದೇನೆ. ಇದಕ್ಕೆ ಸೇವೆ ಅಂತ ಹೆಸರು.

ನಮ್ಮ ದಸರಾ ಅವರಿಗೆ ದಶೈಂ. ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಮಕ್ಕಳ ಹಣೆ ತುಂಬ ಟೀಕಾ ಇಡುವ ಹಬ್ಬ. ಸರಿತಾಳ ಅಪ್ಪ ಎರಡು ದಶೈಂಗೆ ಬಂದಿರಲಿಲ್ಲ. "ಟೀಚರೇ ಇಟ್ರು. ಎಲ್ಲರಿಗೂ ಒಟ್ಟಿಗೆ," ಅಂದಳು, ರೇಷನ್ ಹಂಚಿದ್ದನ್ನು ಹೇಳುವ ಹಾಗೆ.

ಹೋಗುವಾಗ ನಾನು ಒಂದು ಡಬ್ಬಿ ಕೋಡುಬಳೆ ಒಯ್ದಿದ್ದೆ. ಮೊದಲ ದಿನವೇ ಖಾಲಿ. ಡಬ್ಬಿ ನೀನೇ ಇಟ್ಟುಕೋ ಅಂತ ಸರಿತಾಗೆ ಕೊಟ್ಟಿದ್ದೆ. ನಮ್ಮ ಕಡೆ ಪಕ್ಕದ ಮನೆಯವರ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಅಂತಲೂ ಹೇಳಿದ್ದೆ. ಮಾತಿಗೆ ಮಾತು, ಅಷ್ಟೇ. ಆದರೆ ಮಕ್ಕಳು ಯಾವ ಮಾತನ್ನು ಎಲ್ಲಿ ಎತ್ತಿಡುತ್ತಾರೆ ಯಾರಿಗೆ ಗೊತ್ತು?

ಹೊರಡುವ ದಿನ ಡಬ್ಬಿ ನನ್ನ ಕೈಗೆ ಬಂತು. ಭರ್ತಿ. ಲಪ್ಸಿ ಅಂತ ಒಂದು ಹುಳಿ ಹಣ್ಣು, ಅದರ ಮಿಠಾಯಿ. ನಮ್ಮ ಹುಣಸೆ ಉಂಡೆಯ ದಾಯಾದಿ. ತನ್ನ ಪಾಲಿಗೆ ಬಂದದ್ದನ್ನು ದಿನಾ ಎತ್ತಿಟ್ಟಿದ್ದಳು.

"ಇದು ಅಪ್ಪಂಗೆ. ಡಬ್ಬಿ ಅವನೇ ವಾಪಸ್ ತರಬೇಕು ಅಂತ ಹೇಳಿ ಆಂಟಿ. ದಶೈಂಗೆ. ಖಾಲಿ ತರಬಾರದು."

"ನಾಳೇನೇ ಕೊಡ್ತೀನಿ ಕಣೇ," ಅಂದೆ. ಅಪ್ಪಿಕೊಂಡೆ. ಆ ಫೋಟೋಗೆ ಇನ್ನೂರಹನ್ನೊಂದು ಲೈಕ್.

ಊರಿಗೆ ಬಂದೆ. ಮೂಡಲಪಾಳ್ಯದ ಮಹಿಳಾ ಸಮಾಜದಲ್ಲಿ ನನ್ನ ಅನುಭವ ಹಂಚಿಕೆ. ಯೋಗ ಕ್ಲಾಸಿನಲ್ಲಿ ಶಾಲು, ಹಾರ, ಒಂದು ಗಾಜಿನ ಫಲಕ. ಸರಿತಾಳ ಕಥೆಯನ್ನು ಎಲ್ಲೆಲ್ಲಿ ಹೇಳಿದೆನೋ ಅಲ್ಲೆಲ್ಲ ಜನ ಕಣ್ಣೊರೆಸಿಕೊಂಡರು. ಅವಳಪ್ಪನಿಗೊಂದು ಫೋನ್ ಮಾಡಲು ಮಾತ್ರ ಸಮಯ ಸಿಗಲಿಲ್ಲ. ಭಾನುವಾರ ಹೋಗೋಣ ಅಂದರೆ ಮಳೆ. ಸೋಮವಾರ ಅಂದರೆ ಟ್ರಾಫಿಕ್ಕು. ಬಸವೇಶ್ವರನಗರಕ್ಕೆ ಯಾರ್ರೀ ಹೋಗ್ತಾರೆ ಈ ಟ್ರಾಫಿಕ್ಕಲ್ಲಿ?

ಹೋದ ವಾರ ಗಿರಿಜಕ್ಕ ಸಾರಿನ ಪುಡಿ ಕೊಡಲು ಬಂದವರು ಫ್ರಿಜ್ಜಿನ ಮೇಲೆ ಕಣ್ಣು ಹಾಯಿಸಿದರು. "ಆ ಮಗು ಕೊಟ್ಟ ಡಬ್ಬಿ ಇದೇ ಅಲ್ವೇನ್ರೀ? ಸಮಾಜದಲ್ಲಿ ಅಷ್ಟು ಚೆನ್ನಾಗಿ ಹೇಳಿದ್ರಿ. ನಾನೂ ಅತ್ತೆ. ಇನ್ನೂ ಇಲ್ಲೇ ಇದೆಯಾ?"

ಅಕ್ಕಪಕ್ಕದವರು ಹೀಗೆ ನಯವಾಗಿ ಕೇಳಬಾರದು. ಬೈದುಬಿಟ್ಟರೆ ವಾಸಿ.

ಅವತ್ತೇ ಆಟೋ ಹತ್ತಿದೆ. ಹದಿಮೂರು ನಿಮಿಷ.

ಕೃಷ್ಣಬಹಾದೂರ್ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ಡಬ್ಬಿ ತೆಗೆದು, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ರಸ್ತೆ ನೋಡಿದ. ಮಗಳ ಮಾತು ಹೇಳಿದೆ. "ಹೋಗಕ್ಕೆ ಇಷ್ಟ ಇದೆ ಮೇಡಂ. ರೈಲು, ಬಸ್ಸು, ಜೀಪು... ಹೋಗ್ತಾ ನಾಕು ದಿನ, ಬರ್ತಾ ನಾಕು ದಿನ. ಸಾರ್ ಅಷ್ಟು ರಜಾ ಕೊಡಲ್ಲ," ಅಂದ.

ಸಾರ್ ಅಂದರೆ ಅಸೋಸಿಯೇಷನ್ ಸೆಕ್ರೆಟರಿ ರುದ್ರಪ್ಪನವರು. ಮೊದಲನೇ ಮಹಡಿ. ನಾನು ಗಂಟಲು ಸರಿಮಾಡಿಕೊಂಡು ನೇಪಾಳದ ಭಾಷಣ ಶುರು ಮಾಡಿದೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ತಿಂಗಳ ಮುಂಚೆ ಹೇಳಿದ್ರೆ ಬದಲಿಗೆ ಯಾರನ್ನಾದ್ರೂ ನೋಡ್ತಿದ್ದೆ ಮೇಡಮ್ಮೋರೆ. ಹಬ್ಬ ಎದುರಿಗಿದೆ. ಹನ್ನೆರಡರಲ್ಲಿ ಎಂಟು ಮನೆಗೆ ಬೀಗ ಬೀಳುತ್ತೆ. ಈಗ ಯಾರು ಸಿಗ್ತಾರೆ?"

ತಿಂಗಳ ಮುಂಚೆ. ಆಗ ಡಬ್ಬಿ ನಮ್ಮ ಫ್ರಿಜ್ಜಿನ ಮೇಲಿತ್ತು. ನಾನು ಶಾಲು ಹೊದ್ದು ವೇದಿಕೆ ಮೇಲಿದ್ದೆ.

"ಹೇಗಾದ್ರೂ ಮಾಡಿ ಸಾರ್," ಅಂದೆ.

"ನೇಪಾಳದಲ್ಲಿ ಹತ್ತು ದಿನ ವಾಲಂಟಿಯರ್ ಆಗಿದ್ರಿ ಅಂದ್ರಲ್ಲ? ನಮ್ಮ ಗೇಟಲ್ಲಿ ಹದಿನೈದು ದಿನ ಆಗಿ. ರಾತ್ರಿಗೆ ನಾನು ಹೊಂದಿಸ್ತೀನಿ. ಹಗಲು ನಿಮ್ಮದು. ಮೋಟರ್ ಹಾಕ್ಬೇಕು, ಕೊರಿಯರ್ ತಗೋಬೇಕು, ಕಂಡೋರನ್ನೆಲ್ಲ ಒಳಗೆ ಬಿಡಬಾರದು. ಆಗುತ್ತಾ?"

ತಮಾಷೆಗೆ ಅಂದರೋ, ನನ್ನನ್ನು ಓಡಿಸಲು ಅಂದರೋ ಗೊತ್ತಿಲ್ಲ. "ಆಗುತ್ತೆ," ಅಂದುಬಿಟ್ಟೆ.

ಸಂಜೆ ನಮ್ಮ ಸೇವಾ ಪ್ರವಾಸದ ವಾಟ್ಸಾಪ್ ಗ್ರೂಪಿಗೆ ಎಲ್ಲ ಬರೆದೆ. ಸರಿತಾ ನೆನಪಿದ್ದಾಳಲ್ಲ? ಅವಳಪ್ಪ ಊರಿಗೆ ಹೋಗಬೇಕು. ನಾಲ್ಕು ನಾಲ್ಕು ಗಂಟೆಯ ಪಾಳಿ. ಯಾರು ಬರ್ತೀರಿ?

ಏಳು ಜನ ಕೈ ಮುಗಿದರು. ಮೂವರು ಕಣ್ಣೀರು ಹಾಕಿದರು. ಎಲ್ಲ ಹಳದಿ ಮುಖದ ಕಣ್ಣೀರು. ಬಿಕ್ಕಿ ಬಿಕ್ಕಿ ಅತ್ತಿದ್ದ ವಿಶ್ವನಾಥ್ ಸಾರ್ ಮಾತ್ರ ಅಕ್ಷರದಲ್ಲಿ ಉತ್ತರ ಬರೆದರು: "ಮೇಡಂ, ಸರ್ಟಿಫಿಕೇಟ್ ಕೊಡ್ತಾರಾ?"

ಫೋನ್ ಕೆಳಗಿಟ್ಟು ಕೋಡುಬಳೆಗೆ ಹಿಟ್ಟು ಕಲಸಲು ಕೂತೆ. ಡಬ್ಬಿ ಖಾಲಿ ಹೋಗಬಾರದಲ್ಲ. ಎಣ್ಣೆ ಕಾಯುವ ವಾಸನೆಗೆ ಗಿರಿಜಕ್ಕ ಮೇಲೆ ಬಂದರು. ನಡೆದದ್ದೆಲ್ಲ ಹೇಳಿದೆ. ಅವರು ಸೆರಗು ಸಿಕ್ಕಿಸಿ, ಬಳೆ ಹೊಸೆಯಲು ಕೂತರು.

"ಬೆಳಗಿನ ಪಾಳಿ ನನಗಿರಲಿ ಕಣ್ರೀ. ಬಸವೇಶ್ವರನಗರಕ್ಕೆ ವೀಸಾ ಏನೂ ಬೇಡ ತಾನೆ?"

ಮೊನ್ನೆ ಕೃಷ್ಣಬಹಾದೂರ್ ರೈಲು ಹತ್ತಿದ. ರಿಸರ್ವೇಶನ್ ಸಿಗಲಿಲ್ಲ, ಜನರಲ್ ಬೋಗಿ. ಡಬ್ಬಿ ತೊಡೆಯ ಮೇಲಿದೆ ಅಂತ ಫೋಟೋ ಕಳಿಸಿದ್ದಾನೆ. ಅದನ್ನು ನಾನು ಸ್ಟೇಟಸ್ಸಿಗೆ ಹಾಕಿಲ್ಲ.

ಈ ಅಂಕಣವನ್ನು ಅವನ ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಹಿನ್ನೆಲೆಯಲ್ಲಿ ಹಿಮಾಲಯ ಇಲ್ಲ, ಟ್ರಾನ್ಸ್‌ಫಾರ್ಮರ್ ಇದೆ. ಸ್ವಾಗತದ ಹಾಡೂ ಇಲ್ಲ, ಮೂರನೇ ಮಹಡಿಯವರು "ಆಂಟಿ, ಮೋಟರ್ ಆಫ್ ಮಾಡಿ!" ಅಂತ ಕೂಗುತ್ತಾರೆ, ಅಷ್ಟೇ.

ಎರಡರಿಂದ ಆರರ ಪಾಳಿ ಇನ್ನೂ ಖಾಲಿ ಇದೆ. ಪಾಸ್‌ಪೋರ್ಟ್ ಬೇಡ, ಪೇಂಟ್ ಬ್ರಶ್ ಬೇಡ, ಬರ್ತೀರಾ?